ಬಳಸಿದ ಲೆನ್ಸ್ ಒಂದರ ಮಾರಾಟ: ಪಾವತಿ ಸೇವೆಗಳನ್ನು ಹೋಲಿಸಿ ನೋಡಿದ ಒಂದು ಪ್ರಕರಣ

ಹಿನ್ನೆಲೆ

ಒಬ್ಬರ ಮುಖ ಒಬ್ಬರು ನೋಡಿರದ ಇಬ್ಬರು, ದೂರದ ಎರಡು ಊರುಗಳಲ್ಲಿ ಇದ್ದುಕೊಂಡೇ, ಬಳಸಿದ ಒಂದು ಟೆಲಿಫೋಟೋ ಲೆನ್ಸಿನ ವ್ಯವಹಾರಕ್ಕೆ ಒಪ್ಪಿಕೊಂಡಿದ್ದರು. ಬೆಲೆ ಕುದುರಲು ಒಂದು ಸಂಜೆ ಸಾಕಾಯಿತು. ಹಣವನ್ನು ಯಾವ ದಾರಿಯಲ್ಲಿ ಕಳುಹಿಸಬೇಕೆಂದು ತೀರ್ಮಾನಿಸಲು ಆರು ದಿನ ಹಿಡಿಯಿತು. ಇಬ್ಬರಿಗೂ ಪರಿಚಯವಿದ್ದ ಕಾರಣಕ್ಕೆ ಅವರು ಸಲಹೆ ಕೇಳಿದ್ದು ನನ್ನನ್ನು. ನಾನು ಕೊಟ್ಟ ಸಲಹೆ ಅರ್ಧ ಸರಿಯಾಗಿತ್ತು, ಉಳಿದರ್ಧ ಎಲ್ಲಿ ಎಡವಿತೆಂದು ಆಮೇಲೆ ಕುಳಿತು ಲೆಕ್ಕ ಹಾಕಿದಾಗ ಹೊಳೆದದ್ದನ್ನು ಇಲ್ಲಿ ಬರೆದಿದ್ದೇನೆ. ವ್ಯವಹಾರ ನಡೆದ ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮಾರುವವರು ಹವ್ಯಾಸಿ ಛಾಯಾಗ್ರಾಹಕರು. ಅಷ್ಟು ಭಾರ ಹೊತ್ತು ತಿರುಗಲು ಮನಸ್ಸಾಗದೆ ಲೆನ್ಸನ್ನು ಎರಡು ವರ್ಷದಿಂದ ಕಪಾಟಿನಲ್ಲಿ ಇಟ್ಟಿದ್ದರು. ಕೊಳ್ಳುವವರು ಹಕ್ಕಿಗಳ ಚಿತ್ರ ತೆಗೆಯಲು ಆಗಷ್ಟೇ ತೊಡಗಿದ್ದವರು. ಹಣ ಖಾತೆಗೆ ಬಂದ ಮೇಲೆ ಪಾರ್ಸೆಲ್ ಹೊರಡುತ್ತದೆ ಎಂಬುದು ಮೊದಲನೆಯವರ ಷರತ್ತು. ಪಾರ್ಸೆಲ್ ಕೈಸೇರಿದ ಮೇಲೆ ಹಣ ಎಂಬುದು ಎರಡನೆಯವರದು. ಈ ಜಗ್ಗಾಟದಲ್ಲಿ ಯಾರ ಹಟವೂ ಇರಲಿಲ್ಲ. ಯಾರು ಮೊದಲು ಕೈಬಿಡುತ್ತಾರೋ ಅವರು ಎದುರಿನವರ ಪ್ರಾಮಾಣಿಕತೆಯನ್ನೇ ಅಡವಾಗಿಟ್ಟುಕೊಂಡು ಸಾಲ ಕೊಟ್ಟಂತಾಗುತ್ತದೆ, ಮತ್ತು ಅಪರಿಚಿತರಿಗೆ ಅಂಥ ಸಾಲ ಕೊಡಲು ಇಬ್ಬರಲ್ಲಿ ಯಾರಿಗೂ ಕಾರಣವಿರಲಿಲ್ಲ.

ಈ ಗಂಟು ಹೊಸದಲ್ಲ. 1995ರಲ್ಲಿ ಇಬೇ ಎಂಬ ಆನ್‌ಲೈನ್ ಹರಾಜು ತಾಣ ಆರಂಭವಾದಾಗ ಹರಾಜಿನಲ್ಲಿ ಗೆದ್ದವರು ಚೆಕ್ಕನ್ನೋ ಮನಿಯಾರ್ಡರನ್ನೋ ಅಂಚೆಯಲ್ಲಿ ಕಳುಹಿಸುತ್ತಿದ್ದರು, ಚೆಕ್ಕು ಪಾಸಾಗುವವರೆಗೆ ಮಾರುವವರು ವಸ್ತುವನ್ನು ಹಿಡಿದುಕೊಂಡು ಕಾಯುತ್ತಿದ್ದರು. ಕಾರ್ಡ್ ಸ್ವೀಕರಿಸಲು ಬೇಕಾದ ವ್ಯಾಪಾರಿ ಖಾತೆ ಬಿಡಿ ವ್ಯಕ್ತಿಗಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. 1998ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿದ ಪೇಪ್ಯಾಲ್ ಎಂಬ ಆನ್‌ಲೈನ್ ಪಾವತಿ ಸೇವೆ ಬೆಳೆದದ್ದು ಈ ಸಂದಿಯಲ್ಲೇ. 2002ರಲ್ಲಿ ಇಬೇ ಅದನ್ನು ಕೊಂಡುಕೊಂಡಿತು, 2015ರಲ್ಲಿ ಎರಡೂ ಮತ್ತೆ ಬೇರೆಯಾದವು. ಚೀನಾದ ಅಲಿಪೇ ಇದೇ ಗಂಟನ್ನು ಬೇರೆ ರೀತಿಯಲ್ಲಿ ಬಿಚ್ಚಿತು: ಕೊಳ್ಳುವವರ ಹಣವನ್ನು ತಾನು ಇಟ್ಟುಕೊಂಡು, ವಸ್ತು ತಲುಪಿತೆಂದು ಅವರು ಒಪ್ಪಿದ ಮೇಲೆ ಮಾರಿದವರಿಗೆ ದಾಟಿಸಿತು. 2003ರ ಅಕ್ಟೋಬರಿನಲ್ಲಿ ಆ ಪದ್ಧತಿಯಲ್ಲಿ ನಡೆದ ಮೊದಲ ವ್ಯವಹಾರ ಬಳಸಿದ ಒಂದು ಫ್ಯೂಜಿ ಕ್ಯಾಮೆರಾದ್ದು ಎಂಬ ಸಂಗತಿ ನಮ್ಮ ಲೆನ್ಸಿನ ಪ್ರಕರಣಕ್ಕೆ ಸೊಗಸಾಗಿ ಒಪ್ಪುತ್ತದೆ.

ಮುಂದಿದ್ದ ದಾರಿಗಳು

ಮಾರುವವರು ಮೊದಲು ಸೂಚಿಸಿದ್ದು ಬ್ಯಾಂಕ್ ಖಾತೆಯಿಂದ ಖಾತೆಗೆ ನೇರ ವರ್ಗಾವಣೆಯನ್ನು. 2008ರಲ್ಲಿ ಬ್ರಿಟನ್ನಿನಲ್ಲಿ ಬಂದ ಫಾಸ್ಟರ್ ಪೇಮೆಂಟ್ಸ್, 2016ರಲ್ಲಿ ಭಾರತದಲ್ಲಿ ಬಂದ ಯುಪಿಐ, 2020ರಲ್ಲಿ ಬ್ರೆಜಿಲ್‌ನಲ್ಲಿ ಬಂದ ಪಿಕ್ಸ್, ಇವೆಲ್ಲವೂ ಈ ಜಾತಿಗೆ ಸೇರಿದವು. ಹಣ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ತಲುಪುತ್ತದೆ, ಶುಲ್ಕ ಇಲ್ಲ ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಕಳುಹಿಸಿದವರೇ ಒಪ್ಪಿಗೆ ಕೊಟ್ಟು ತಳ್ಳಿದ ಹಣವಾದ್ದರಿಂದ ಅದನ್ನು ಹಿಂದಕ್ಕೆ ಎಳೆಯುವ ಹಗ್ಗ ಅವರ ಕೈಯಲ್ಲಿ ಉಳಿಯುವುದಿಲ್ಲ. ಯಾವ ತಕರಾರು ಬಂದರೂ ಬ್ಯಾಂಕು ಹಣ ಕೊಡಿಸುತ್ತದೆ ಎಂಬ ತಪ್ಪು ಕಲ್ಪನೆ ಇಲ್ಲಿ ಬಹಳ ಮಂದಿಗೆ ಇದೆ. ವಂಚನೆಗೆ ಒಳಗಾಗಿ ತಾವೇ ಹಣ ಕಳುಹಿಸಿದವರಿಗೆ ಬ್ಯಾಂಕುಗಳು ಪರಿಹಾರ ಕೊಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಜಾರಿಯಲ್ಲಿದೆ, ಮಿತಿ 85,000 ಪೌಂಡು, ಹೊರೆಯನ್ನು ಕಳುಹಿಸಿದ ಬ್ಯಾಂಕೂ ಪಡೆದ ಬ್ಯಾಂಕೂ ಸಮನಾಗಿ ಹೊರುತ್ತವೆ. ಪಿಕ್ಸ್‌ಗೂ 2021ರಲ್ಲಿ ಹಣ ವಾಪಸಾತಿಯ ಒಂದು ವಿಶೇಷ ವ್ಯವಸ್ಥೆ ಬಂತು. ಆದರೆ ಎರಡೂ ವಂಚನೆಗಾಗಿ ಇರುವಂಥವು. ನಿಜವಾದ ಮಾರಾಟಗಾರರಿಂದ ನಿಜವಾದ ವಸ್ತು ಬಂದು, ಅದರ ಗುಣದ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಾದರೆ ಅದು ಖಾಸಗಿ ವ್ಯಾಜ್ಯ, ಅದರೊಳಗೆ ಈ ನಿಯಮಗಳು ಕೈಹಾಕುವುದಿಲ್ಲ.

ನೇರ ವರ್ಗಾವಣೆಯಲ್ಲಿ ಅಪಾಯವೆಲ್ಲ ಕೊಳ್ಳುವವರದೇ ಎಂದು ಮಾರುವವರು ನಿಶ್ಚಿಂತರಾಗಿದ್ದರು. ಅದೂ ಪೂರ್ತಿ ನಿಜವಲ್ಲ. ಹಣ ಕಳುಹಿಸಿದ್ದೇನೆಂದು ನಕಲಿ ಸ್ಕ್ರೀನ್‌ಶಾಟ್ ತೋರಿಸಿ ವಸ್ತು ಒಯ್ಯುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತಿರೆಂದು ನಂಬಿಸಿ ಖಾತೆಯಿಂದ ಹಣ ಎಳೆದುಕೊಳ್ಳುವವರೂ ಇದ್ದಾರೆ. ಹಣ ಪಡೆಯುವವರು ಪಿನ್ ಒತ್ತುವ ಪ್ರಸಂಗವೇ ಬರುವುದಿಲ್ಲ. ಹೆಚ್ಚು ಹಣ ಬಂದಿದೆ, ಉಳಿದದ್ದನ್ನು ಹಿಂದಿರುಗಿಸಿ ಎಂಬ ಹಳೆಯ ಆಟವೂ ನಿಂತಿಲ್ಲ.

ಕೊಳ್ಳುವವರು ನೇರ ವರ್ಗಾವಣೆಗೆ ಒಪ್ಪದಿದ್ದಾಗ ಮಾರುವವರು ಮತ್ತೊಂದು ದಾರಿ ತೋರಿಸಿದರು: ವಾಲೆಟ್ ಸೇವೆಯಲ್ಲಿ "ಸ್ನೇಹಿತರು ಮತ್ತು ಕುಟುಂಬ" ಎಂಬ ವಿಭಾಗದಲ್ಲಿ ಕಳುಹಿಸಿದರೆ ಶುಲ್ಕ ಉಳಿಯುತ್ತದೆ, ಉಳಿದದ್ದರಲ್ಲಿ ಅರ್ಧವನ್ನು ಬೆಲೆಯಲ್ಲಿ ಬಿಟ್ಟುಕೊಡುತ್ತೇನೆ. ಮೋಸದ ಉದ್ದೇಶ ಅವರಿಗೆ ಎಳ್ಳಷ್ಟೂ ಇರಲಿಲ್ಲ, ಆದರೂ ಆ ಪ್ರಸ್ತಾಪವನ್ನು ನಾನು ಖಡಾಖಂಡಿತವಾಗಿ ಬೇಡವೆಂದೆ. ಪೇಪ್ಯಾಲ್‌ನಲ್ಲೂ ಅದನ್ನು ಹೋಲುವ ಸೇವೆಗಳಲ್ಲೂ ಆ ವಿಭಾಗದಲ್ಲಿ ಹೋದ ಹಣಕ್ಕೆ ಖರೀದಿ ರಕ್ಷಣೆ ಅನ್ವಯಿಸುವುದಿಲ್ಲ. ಕೊಳ್ಳುವವರು ವಾಲೆಟ್‌ಗೆ ಹೆಸರು, ವಿಳಾಸ, ಕಾರ್ಡ್ ಎಲ್ಲವನ್ನೂ ಕೊಟ್ಟಿರುತ್ತಾರೆ, ಪರದೆಯ ಮೇಲೆ ಪರಿಚಿತ ಲಾಂಛನ ಕಾಣುತ್ತದೆ, ಹಾಗಾಗಿ ರಕ್ಷಣೆಯಿದೆ ಎಂಬ ಭಾವನೆ ಬರುತ್ತದೆ. ಉಳಿಸಿದ ಶುಲ್ಕವೇ ಆ ರಕ್ಷಣೆಯ ಬೆಲೆಯಾಗಿತ್ತೆಂಬುದು ತಕರಾರು ಬಂದ ದಿನ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇದು ನೇರ ವರ್ಗಾವಣೆಗಿಂತಲೂ ಕೆಟ್ಟ ಆಯ್ಕೆ. ನೇರ ವರ್ಗಾವಣೆ ತನ್ನ ಬೆತ್ತಲೆತನವನ್ನಾದರೂ ಮುಚ್ಚಿಡುವುದಿಲ್ಲ.

ಮೂರನೆಯದು ಅದೇ ವಾಲೆಟ್ಟಿನ ರಕ್ಷಿತ ವಿಭಾಗ. ಪೇಪ್ಯಾಲ್‌ನ ನಿಯಮಗಳನ್ನೇ ಮಾದರಿಯಾಗಿ ತೆಗೆದುಕೊಂಡರೆ, ಹೆಚ್ಚಿನ ಕಡೆ ಕೊಳ್ಳುವವರಿಗೆ ದೂರು ಕೊಡಲು ಪಾವತಿಯ ದಿನದಿಂದ 180 ದಿನ ಅವಕಾಶವಿದೆ. ದೂರು ಕೊಟ್ಟ ಬಳಿಕ 20 ದಿನದೊಳಗೆ ಅದನ್ನು ಅಧಿಕೃತ ಕ್ಲೇಮ್ ಆಗಿ ಏರಿಸದಿದ್ದರೆ ಅದು ತಾನಾಗಿ ಮುಚ್ಚಿಹೋಗುತ್ತದೆ. ವಸ್ತು ಬರಲಿಲ್ಲ ಎಂಬುದು ಒಂದು ಬಗೆಯ ದೂರು, ವಿವರಣೆಗೆ ಹೊಂದದ ವಸ್ತು ಬಂತು ಎಂಬುದು ಇನ್ನೊಂದು ಬಗೆ. ಮಾರುವವರಿಗೂ ರಕ್ಷಣೆ ಉಂಟು, ಆದರೆ ಅದು ಮೊದಲ ಬಗೆಗೆ ಮತ್ತು ಖಾತೆದಾರರ ಅನುಮತಿಯಿಲ್ಲದೆ ನಡೆದ ಪಾವತಿಗೆ ಸೀಮಿತ: ವ್ಯವಹಾರದಲ್ಲಿ ನಮೂದಾದ ವಿಳಾಸಕ್ಕೇ ಪಾರ್ಸೆಲ್ ಕಳುಹಿಸಿರಬೇಕು, ತಲುಪಿದ್ದಕ್ಕೆ ಟ್ರ್ಯಾಕಿಂಗ್ ದಾಖಲೆ ಇರಬೇಕು, ಮೊತ್ತ ದೊಡ್ಡದಾದರೆ ಪಡೆದವರ ಸಹಿಯೂ ಬೇಕು. ಎರಡನೆಯ ಬಗೆಯ ದೂರಿನಲ್ಲಿ ಮಾರುವವರ ಬೆನ್ನಿಗೆ ಅವರು ಬರೆದ ವಿವರಣೆ ಮತ್ತು ತೆಗೆದಿಟ್ಟ ಚಿತ್ರಗಳನ್ನು ಬಿಟ್ಟರೆ ಬೇರೇನೂ ಇರುವುದಿಲ್ಲ. ಈ ಅಸಮತೋಲನವನ್ನು ನಾನು ಓದಿದ್ದೆ. ಅದರ ತೂಕ ಎಷ್ಟೆಂದು ಮಾತ್ರ ಆಗ ತಿಳಿದಿರಲಿಲ್ಲ.

ನಾಲ್ಕನೆಯದು ಎಸ್ಕ್ರೋ, ಅಂದರೆ ಹಣವನ್ನು ಮೂರನೆಯವರ ಬಳಿ ಇಟ್ಟು ವ್ಯವಹಾರ ಮುಗಿಸುವ ಪದ್ಧತಿ. 1999ರಲ್ಲಿ ಶುರುವಾದ ಎಸ್ಕ್ರೋ ಡಾಟ್ ಕಾಮ್ ಇದರಲ್ಲಿ ಹಳೆಯ ಹೆಸರು. ಇಬ್ಬರೂ ಮೊದಲು ಷರತ್ತುಗಳನ್ನು ಬರೆದು ಒಪ್ಪಿಕೊಳ್ಳುತ್ತಾರೆ, ಹಣ ಮಧ್ಯವರ್ತಿಯ ಬಳಿ ಜಮೆಯಾಗುತ್ತದೆ, ಆಮೇಲೆ ವಸ್ತು ಹೊರಡುತ್ತದೆ, ತಲುಪಿದ ನಂತರ ಒಪ್ಪಿದಷ್ಟು ದಿನ ಪರೀಕ್ಷೆಗೆ ಅವಕಾಶ, ಒಪ್ಪಿಗೆ ಸಿಕ್ಕರೆ ಅಥವಾ ಅವಧಿ ತೀರಿದರೆ ಹಣ ಬಿಡುಗಡೆ. ಗುರುತಿನ ದಾಖಲೆ ಕೊಡಬೇಕು, ಶುಲ್ಕ ತೆರಬೇಕು, ಸಣ್ಣ ಮೊತ್ತಕ್ಕೆ ಆ ಶುಲ್ಕ ಭಾರವೆನಿಸುತ್ತದೆ. ಜೊತೆಗೆ ಎಸ್ಕ್ರೋ ಎಂಬ ಹೆಸರನ್ನೇ ಹೊತ್ತ ನಕಲಿ ಜಾಲತಾಣಗಳು ಬೇಕಾದಷ್ಟಿವೆ, ಎದುರಿನವರು ಕಳುಹಿಸಿದ ಕೊಂಡಿಯನ್ನು ಒತ್ತಿ ಅಲ್ಲಿಗೆ ಹೋಗುವುದು ಹಣವನ್ನು ಕಳ್ಳನ ಕೈಗೇ ಕೊಟ್ಟಂತೆ. ಬಿಟ್‌ಕಾಯಿನ್ ವಿಷಯ ಒಮ್ಮೆ ಎದ್ದಿತ್ತು. ಒಂದು ಲೆನ್ಸಿಗಾಗಿ ಇಬ್ಬರೂ ಹೊಸದಾಗಿ ಕಲಿಯಬೇಕಾದದ್ದು ತೀರಾ ಹೆಚ್ಚಾದ್ದರಿಂದ ಅಲ್ಲಿಗೇ ಬಿಟ್ಟೆವು.

ಶುಲ್ಕ, ವೇಗ, ಹಣ ಯಾರ ಕೈಯಲ್ಲಿ ಇರುತ್ತದೆ ಎಂಬ ಮೂರನ್ನು ಅಕ್ಕಪಕ್ಕ ಇಟ್ಟು ನೋಡಿ, ನಾನು ರಕ್ಷಿತ ವಾಲೆಟ್ ಪಾವತಿಯನ್ನು ಸೂಚಿಸಿದೆ. ನೂರಕ್ಕೆ ಸುಮಾರು ಮೂರರಷ್ಟು ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುವುದೆಂದು ಆಯಿತು. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯಿತೆಂದು ನಾನು ಸಮಾಧಾನಪಟ್ಟುಕೊಂಡೆ.

ನಡೆದದ್ದು

ಹಣ ಬಂದ ಮರುದಿನ ಪಾರ್ಸೆಲ್ ಹೊರಟಿತು, ನಾಲ್ಕನೆಯ ದಿನ ಸಹಿ ಪಡೆದು ತಲುಪಿಸಲಾಯಿತು. ಕೊಳ್ಳುವವರು ಕೆರೆಯ ಬದಿಗೆ ಹೋಗಿ ಚಿತ್ರ ತೆಗೆದರು, ಚೆನ್ನಾಗಿ ಬಂದಿವೆಯೆಂದು ಸಂದೇಶ ಕಳುಹಿಸಿದರು. ಮಾರುವವರು ಅಷ್ಟರಲ್ಲಿ ವಾಲೆಟ್ಟಿನಿಂದ ಹಣ ತೆಗೆದು ಖರ್ಚೂ ಮಾಡಿದ್ದರು. ವಸ್ತು ಕೈಸೇರಿದ ಹನ್ನೊಂದನೆಯ ದಿನ, ಅನುಭವಿಯಾದ ಗೆಳೆಯರೊಬ್ಬರ ಮಾತಿನ ಮೇಲೆ ಕೊಳ್ಳುವವರು ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂಭಾಗದಿಂದ ಟಾರ್ಚ್ ಬೆಳಕು ಹಾಯಿಸಿ ನೋಡಿದಾಗ, ಒಳಗಿನ ಗಾಜೊಂದರ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡವು. ಬೂಷ್ಟು; ಛಾಯಾಗ್ರಾಹಕರು ಫಂಗಸ್ ಎನ್ನುತ್ತಾರೆ. ತೇವವಿರುವ ಕತ್ತಲೆಯಲ್ಲಿ ಬಹುಕಾಲ ಇಟ್ಟ ಲೆನ್ಸಿನಲ್ಲಿ ಅದು ಹುಟ್ಟುತ್ತದೆ, ಆರಂಭದಲ್ಲಿ ಚಿತ್ರದ ಮೇಲೆ ಪರಿಣಾಮವೇ ಕಾಣದು, ಬೆಳೆದರೆ ಗಾಜಿನ ಮೇಲಿನ ಲೇಪವನ್ನು ತಿಂದುಬಿಡುತ್ತದೆ.

ನನ್ನ ಬಳಿ ಇದ್ದಾಗ ಅದು ಇರಲಿಲ್ಲವೆಂದು ಮಾರುವವರು ಆಣೆಯಿಟ್ಟು ಹೇಳಿದರು. ಕೊಳ್ಳುವವರು ಸೇವೆಗೆ ದೂರು ಕೊಟ್ಟರು. ಅಲ್ಲಿಂದಾಚೆಗೆ ಇಬ್ಬರ ನಡುವಿನ ಮಾತು ನಿಂತುಹೋಯಿತು. ಇದು ನಾನು ನಿರೀಕ್ಷಿಸದೆ ಇದ್ದ ಬೆಳವಣಿಗೆ: ತೀರ್ಪು ಕೊಡುವ ಮೂರನೆಯವರೊಬ್ಬರು ಇದ್ದಾರೆಂದ ಕೂಡಲೇ ಇಬ್ಬರೂ ಪರಸ್ಪರ ಬರೆಯುವುದನ್ನು ಬಿಟ್ಟು, ಕಡತಕ್ಕಾಗಿ ಬರೆಯತೊಡಗಿದರು.

ಮಾರುವವರು ಸಲ್ಲಿಸಿದ ಪುರಾವೆ ಇಷ್ಟು: ಕೊರಿಯರ್ ರಶೀದಿ, ಟ್ರ್ಯಾಕಿಂಗ್ ಸಂಖ್ಯೆ, ಹಗಲು ಬೆಳಕಿನಲ್ಲಿ ತೆಗೆದ ನಾಲ್ಕು ಚಿತ್ರ, ಚಿತ್ರಗಳು ಚೆನ್ನಾಗಿ ಬಂದಿವೆ ಎಂಬ ಕೊಳ್ಳುವವರ ಸಂದೇಶ. ಕೊಳ್ಳುವವರದು ಟಾರ್ಚ್ ಬೆಳಕಿನ ಎರಡು ಚಿತ್ರ, ಒಂದರಲ್ಲಿ ಲೆನ್ಸಿನ ಕ್ರಮಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರಕರಣವನ್ನು ನಿರ್ಧರಿಸಿದ್ದು ಇವಾವುವೂ ಅಲ್ಲ, ಮಾರಾಟದ ವಿವರಣೆಯಲ್ಲಿದ್ದ "ಗಾಜು ಸ್ವಚ್ಛವಾಗಿದೆ" ಎಂಬ ಎರಡು ಪದ. ಆ ಪದಗಳಿಗೂ ಟಾರ್ಚಿನ ಚಿತ್ರಕ್ಕೂ ಹೊಂದಿಕೆಯಿಲ್ಲವೆಂದು ಸೇವೆಯವರು ತೀರ್ಮಾನಿಸಿ, ಲೆನ್ಸನ್ನು ಹಿಂದಿರುಗಿಸಿದರೆ ಪೂರ್ತಿ ಹಣ ಮರಳಿಸುವುದೆಂದೂ ಹಿಂದಿರುಗಿಸುವ ಖರ್ಚು ಕೊಳ್ಳುವವರದೆಂದೂ ಆದೇಶಿಸಿದರು.

ಲೆನ್ಸ್ ಮರಳಿ ಬಂದಾಗ ಮುಂಭಾಗದ ಫಿಲ್ಟರ್ ಉಂಗುರ ಒಂದು ಕಡೆ ನುಗ್ಗಾಗಿತ್ತು. ಸಾಗಣೆಯಲ್ಲಿ ಆಯಿತೋ ಅದಕ್ಕೂ ಮೊದಲೋ ಹೇಳುವವರಿಲ್ಲ. ಪಾರ್ಸೆಲ್ ತಲುಪಿತೆಂದು ಟ್ರ್ಯಾಕಿಂಗ್ ದಾಖಲೆ ತೋರಿಸಿದ ತಕ್ಷಣ ಹಣ ಕೊಳ್ಳುವವರಿಗೆ ಹೋಗಿತ್ತು, ಮಾರುವವರ ಖಾತೆ ಸಾಲದಲ್ಲಿ ನಿಂತಿತ್ತು, ಶುಲ್ಕವೂ ಮರಳಲಿಲ್ಲ. ನುಗ್ಗಿನ ಬಗ್ಗೆ ಬರೆದದ್ದಕ್ಕೆ ಪ್ರಕರಣ ಮುಕ್ತಾಯವಾಗಿದೆ ಎಂಬ ಉತ್ತರ ಬಂತು. ಆಮೇಲೆ ಅವರು ಲೆನ್ಸನ್ನು ರಿಪೇರಿ ಮಾಡುವವರ ಬಳಿಗೆ ಒಯ್ದರು. ಬಿಚ್ಚಿ ನೋಡಿದ ಅವರು, ಈ ಬೂಷ್ಟು ಹನ್ನೊಂದು ದಿನದ್ದಲ್ಲ, ತಿಂಗಳುಗಟ್ಟಲೆ ಹಳೆಯದು, ಕಪಾಟಿನಲ್ಲಿ ಇದ್ದಾಗಲೇ ಹಿಡಿದದ್ದು ಎಂದರು. ಮಾರಿದವರು ಸುಳ್ಳು ಹೇಳಿರಲಿಲ್ಲ. ಅವರು ನೋಡಿಯೇ ಇರಲಿಲ್ಲ.

ಅದೇ ಲೆನ್ಸ್, ಬೇರೆ ಸೇವೆ

ಸೇವೆಯ ತೀರ್ಪು ಬೂಷ್ಟಿನ ವಿಷಯದಲ್ಲಿ ಸರಿಯಾಗಿತ್ತು. ನುಗ್ಗಿನ ವಿಷಯದಲ್ಲಿ ತೀರ್ಪು ಎಂಬುದೇ ಇರಲಿಲ್ಲ. ಎರಡು ಸಂದರ್ಭದಲ್ಲೂ ಲೆನ್ಸನ್ನು ಕೈಯಲ್ಲಿ ಹಿಡಿದು ನೋಡಿದವರು ಸೇವೆಯಲ್ಲಿ ಯಾರೂ ಇಲ್ಲ. ಅದು ಓದಿದ್ದು ವಿವರಣೆಯನ್ನು, ಚಿತ್ರವನ್ನು, ಟ್ರ್ಯಾಕಿಂಗ್ ದಾಖಲೆಯನ್ನು. ಕಾಗದದ ಮೇಲೆ ಇಲ್ಲದ್ದು ಅದರ ಲೆಕ್ಕದಲ್ಲಿ ನಡೆದೇ ಇಲ್ಲ. ಹಾಗಿರುವಾಗ ಸೇವೆಗಳನ್ನು ಹೋಲಿಸಬೇಕಾದದ್ದು ಶುಲ್ಕದಿಂದಲೂ ಅಲ್ಲ, ವೇಗದಿಂದಲೂ ಅಲ್ಲ. ಯಾವ ದಿನದವರೆಗೆ ದೂರು ಕೇಳುತ್ತದೆ, ಯಾವ ಪುರಾವೆಯನ್ನು ನಂಬುತ್ತದೆ, ಹಿಂದಿರುಗಿದ ವಸ್ತುವನ್ನು ಯಾರು ಪರೀಕ್ಷಿಸುತ್ತಾರೆ ಎಂಬ ಮೂರನ್ನು ನಾನು ಕೇಳಬೇಕಿತ್ತು. ಒಂದನ್ನೂ ಕೇಳಲಿಲ್ಲ.

ನೇರ ವರ್ಗಾವಣೆಯಾಗಿದ್ದರೆ ಕೊಳ್ಳುವವರ ದೂರನ್ನು ಕೇಳುವವರೇ ಇರುತ್ತಿರಲಿಲ್ಲ. ಬ್ಯಾಂಕಿನ ಕಣ್ಣಿಗೆ ಇದು ವಂಚನೆಯಲ್ಲ, ಸರಕಿನ ಗುಣದ ಬಗ್ಗೆ ಎದ್ದ ವ್ಯಾಜ್ಯ. ಕಾಗದದ ಮೇಲೆ ಕೊಳ್ಳುವವರಿಗೆ ಪೂರ್ತಿ ನಷ್ಟ. ಆದರೆ ರಿಪೇರಿಯವರ ಮಾತು ಕೇಳಿದ ಮೇಲೆ ಮಾರಿದವರು ನನಗೆ ಹೇಳಿದ್ದು, ತಮ್ಮನ್ನೇ ನೇರವಾಗಿ ಕೇಳಿದ್ದರೆ ಬೂಷ್ಟು ತೆಗೆಸುವ ಖರ್ಚನ್ನೂ ಸ್ವಲ್ಪ ಹಣವನ್ನೂ ಕೊಡುತ್ತಿದ್ದೆನೆಂದು. ಕೊಡುತ್ತಿದ್ದರೇ ಎಂಬುದಕ್ಕೆ ಪುರಾವೆ ಇಲ್ಲ, ಕೊಡುತ್ತಿದ್ದರೆಂದೇ ನನ್ನ ಅನಿಸಿಕೆ. ಹಾಗೆಂದು ಅಪರಿಚಿತರಿಗೆ ಈ ದಾರಿಯನ್ನು ಸೂಚಿಸುವ ಧೈರ್ಯ ನನಗಿಲ್ಲ.

ಎಸ್ಕ್ರೋ ಆಗಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಮೂರು ದಿನದ ಪರೀಕ್ಷಾ ಅವಧಿಗೆ ಒಪ್ಪಿದ್ದರೆ ಹನ್ನೊಂದನೆಯ ದಿನದ ಟಾರ್ಚಿಗೆ ಬೆಲೆಯೇ ಇರುತ್ತಿರಲಿಲ್ಲ. ಅದೇ ಲೆನ್ಸ್, ಅದೇ ಬೂಷ್ಟು, ಅಷ್ಟೇ ಪ್ರಾಮಾಣಿಕರಾದ ಅದೇ ಇಬ್ಬರು ಇದ್ದೂ ಈ ಸಲ ಸೋಲುತ್ತಿದ್ದವರು ಕೊಳ್ಳುವವರು. ಆದರೆ ಲೆಕ್ಕ ಇಷ್ಟಕ್ಕೇ ನಿಲ್ಲುವುದಿಲ್ಲ. ಮೂರೇ ದಿನವೆಂದು ಗೊತ್ತಿದ್ದರೆ ಅವರು ಮೊದಲ ಸಂಜೆಯೇ ಗೆಳೆಯರನ್ನು ಕೇಳುತ್ತಿದ್ದರು, ಟಾರ್ಚ್ ಹಿಡಿಯುತ್ತಿದ್ದರು. ಆರು ತಿಂಗಳ ಅವಕಾಶ ಅವರನ್ನು ಸಾವಧಾನವಾಗಿಸಿತು, ಆ ಸಾವಧಾನದ ಬೆಲೆಯನ್ನು ಮಾರುವವರು ತೆತ್ತರು. ಹಿಂದಿರುಗಿಸುವ ಹಂತದಲ್ಲೂ ವ್ಯತ್ಯಾಸವಿದೆ: ವಸ್ತು ಮರಳಿ ಬಂದಾಗ ಅದನ್ನು ನೋಡಿ ಒಪ್ಪಲು ಮಾರುವವರಿಗೂ ಅವಧಿ ಕೊಡುವ ಎಸ್ಕ್ರೋ ಷರತ್ತಿನಲ್ಲಿ, ನುಗ್ಗಾದ ಉಂಗುರ ಹಣ ಬಿಡುಗಡೆಯಾಗುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ಗುರುತಿನ ದಾಖಲೆ ಕೊಡಲು ಕೊಳ್ಳುವವರು ಹಿಂಜರಿದದ್ದನ್ನೇ ನೆಪ ಮಾಡಿಕೊಂಡು ನಾನು ಈ ದಾರಿಯನ್ನು ಬೇಗ ಕೈಬಿಟ್ಟೆ.

ಮಾರುವವರಿಗೆ ತಿಳಿದಿರದ ಇನ್ನೊಂದು ಮೆಟ್ಟಿಲೂ ಇತ್ತು. ಕೊಳ್ಳುವವರು ವಾಲೆಟ್ಟಿಗೆ ಹಣ ತುಂಬಿದ್ದು ಕಾರ್ಡಿನಿಂದ. ಸೇವೆಯ ತೀರ್ಪು ತಮಗೆ ವಿರುದ್ಧವಾಗಿದ್ದರೂ ಅವರು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗಿ, ಕಾರ್ಡಿನಿಂದ ಹೋದ ಹಣವನ್ನು ಹಿಂದಕ್ಕೆ ತರಿಸುವ ಚಾರ್ಜ್‌ಬ್ಯಾಕ್ ಕೇಳಬಹುದಿತ್ತು. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 120 ದಿನ ಅವಕಾಶ. ಅಂದರೆ ಮಾರುವವರು ಒಂದು ಕಡೆ ಗೆದ್ದರೂ ಇನ್ನೊಂದು ಕಡೆ ಮತ್ತೆ ಉತ್ತರಿಸಬೇಕಾದೀತು. ಹಣ ವಾಲೆಟ್ಟಿನಲ್ಲಿ ಕಂಡ ಮಾತ್ರಕ್ಕೆ ಅದು ತನ್ನದಾಯಿತೆಂದು ತಿಳಿದು ಖರ್ಚು ಮಾಡುವುದು, ದುಬಾರಿ ವಸ್ತುವಿನ ಮಟ್ಟಿಗೆ, ಅವಸರದ ಕೆಲಸ.

ಇದೇ ವ್ಯವಹಾರ ಮತ್ತೆ ಬಂದರೆ ನಾನು ಮಾರುವವರಿಗೆ ಹೇಳುವುದು ಸೇವೆಯ ಹೆಸರಿಗಿಂತ ಮೊದಲು ಪುರಾವೆಯ ಮಾತನ್ನು. ಪಾರ್ಸೆಲ್ ಕಟ್ಟುವ ಮುನ್ನ ಕತ್ತಲಲ್ಲಿ ಟಾರ್ಚ್ ಹಾಯಿಸಿ, ಕ್ರಮಸಂಖ್ಯೆಯಿಂದ ಶುರುಮಾಡಿ ಪೆಟ್ಟಿಗೆ ಮುಚ್ಚುವವರೆಗೆ ನಿಲ್ಲಿಸದೆ ಒಂದು ವಿಡಿಯೊ ತೆಗೆಯಬೇಕು. ಹಾಗೆ ತೆಗೆದಿದ್ದರೆ ಬೂಷ್ಟು ಅವರಿಗೇ ಮೊದಲು ಕಾಣುತ್ತಿತ್ತು, ಈ ಪ್ರಕರಣವೇ ಹುಟ್ಟುತ್ತಿರಲಿಲ್ಲ. "ಗಾಜು ಸ್ವಚ್ಛವಾಗಿದೆ" ಎಂದು ಬರೆಯುವ ಬದಲು ಏನನ್ನು ಹೇಗೆ ನೋಡಿದೆವೆಂದು ಬರೆಯಬೇಕು. ಕೊಳ್ಳುವವರು ಪೆಟ್ಟಿಗೆ ತೆರೆಯುವುದನ್ನು, ಹಿಂದಿರುಗಿಸುವ ಪ್ರಸಂಗ ಬಂದರೆ ಕಟ್ಟುವುದನ್ನೂ ಹಾಗೆಯೇ ದಾಖಲಿಸಬೇಕು. ಇಷ್ಟು ಮಾಡಿದ ಮೇಲೆ, ಒಳಗಿನ ದೋಷ ಹೊರಗೆ ಕಾಣದಂಥ ದುಬಾರಿ ವಸ್ತುವಿಗೆ ಎಸ್ಕ್ರೋ, ನೋಡಿದ ಕೂಡಲೇ ಗುಣ ತಿಳಿಯುವ ಸಾಧಾರಣ ವಸ್ತುವಿಗೆ ರಕ್ಷಿತ ವಾಲೆಟ್ ಎಂದು ನಾನು ವಿಂಗಡಿಸುತ್ತೇನೆ.

ಎರಡನೆಯ ಮಾರಾಟ

ಲೆನ್ಸ್ ಕೊನೆಗೆ ಮಾರಾಟವಾಯಿತು. ಈ ಸಲ ವಿವರಣೆಯಲ್ಲಿ ಬೂಷ್ಟಿನ ಚಿತ್ರವೂ ನುಗ್ಗಿನ ಚಿತ್ರವೂ ಇದ್ದವು, ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿತ್ತು. ಕೊಂಡವರು ಅದೇ ಊರಿನವರು. ತಮ್ಮ ಕ್ಯಾಮೆರಾವನ್ನೂ ಟಾರ್ಚನ್ನೂ ತಂದಿದ್ದರು, ಕಿಟಕಿ ಮುಚ್ಚಿಸಿ ಒಳಗಿನ ಗಾಜನ್ನು ಹತ್ತು ನಿಮಿಷ ನೋಡಿದರು, ಕೆಲವು ಚಿತ್ರ ತೆಗೆದರು. ವಸ್ತುವೂ ಇಬ್ಬರೂ ಒಂದೇ ಮೇಜಿನ ಬಳಿ ಇದ್ದುದರಿಂದ, ಮೊದಲ ಸಲ ನಾನು ಬೇಡವೆಂದಿದ್ದ ನೇರ ವರ್ಗಾವಣೆಯೇ ಇಲ್ಲಿ ಸರಿಯಾದ ಸೇವೆಯಾಗಿತ್ತು. ಕೊಂಡವರು ಹಣ ಕಳುಹಿಸಿ ತಮ್ಮ ಮೊಬೈಲ್ ಪರದೆಯನ್ನು ತೋರಿಸಿದರು. ಮಾರಿದವರು ಅದನ್ನು ನೋಡಿ ತಲೆದೂಗಿದರು, ತಮ್ಮ ಬ್ಯಾಂಕಿನ ಆ್ಯಪ್ ತೆರೆದರು, ಮೊತ್ತ ಅಲ್ಲಿ ಕಾಣುವವರೆಗೆ ಲೆನ್ಸಿನ ಮೇಲಿಂದ ಕೈ ತೆಗೆಯಲಿಲ್ಲ.